ಗಿಡ್ಡನಿಗೂ ಉದ್ದನಿಗೂ ಹದಿನೈದು ಸುತ್ತು

ನನ್ನ ಬಲಭುಜ ಹಿಡಿದುಕೊಂಡದ್ದು ಮೂರು ವರ್ಷದ ಹಿಂದೆ. ಬಿದ್ದಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಒಂದು ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದೆ, ಕೈ ಕಿವಿಯವರೆಗೂ ಬರಲಿಲ್ಲ. ಹನೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳುವವಳು ನಾನು. ಬೋರ್ಡಿನ ಮೇಲರ್ಧಕ್ಕೆ ಕೈ ಎಟುಕದೆ ಲೆಕ್ಕಗಳನ್ನೆಲ್ಲ ಸೊಂಟದ ಮಟ್ಟದಲ್ಲೇ ಬರೆಯತೊಡಗಿದೆ. ಐವತ್ತರ ಹತ್ತಿರ ಬಂದವಳು ಜಡೆ ಹಾಕಿಸಿಕೊಳ್ಳಲು ಅತ್ತೆಯ ಮುಂದೆ ಕುಳಿತ ದಿನ ಮಾತ್ರ ಅಳು ತಡೆಯಲಾಗಲಿಲ್ಲ.

ವಾರಕ್ಕೆ ಮೂರು ದಿನ ಶಾಲೆ ಮುಗಿಸಿ ಕೊಳ್ಳೇಗಾಲದ ಫಿಸಿಯೋಥೆರಪಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಲ್ಲಿ ಗೋಡೆಗೆ ಎರಡು ರಾಟೆ ಬಿಗಿದಿದ್ದರು. ಹಗ್ಗದ ಒಂದು ತುದಿಯನ್ನು ಒಳ್ಳೆಯ ಕೈಯಲ್ಲಿ ಎಳೆದರೆ ಇನ್ನೊಂದು ತುದಿ ಹಿಡಿದ ಕೆಟ್ಟ ಕೈ ಮೇಲೇಳುತ್ತದೆ. ಹೇಳುವುದು ಸುಲಭ. ಮೊದಲ ದಿನ ನಾಲ್ಕು ಸಲ ಎಳೆಯುವಷ್ಟರಲ್ಲಿ ಕಣ್ಣು ಕತ್ತಲೆ ಬಂತು, ಹಗ್ಗ ಬಿಟ್ಟೆ.

ಪಕ್ಕದ ರಾಟೆಯಲ್ಲಿ ನಮ್ಮ ಹನೂರಿನ ಕಡೆಯ ಶಾಗ್ಯ ಗ್ರಾಮದ ಒಬ್ಬ ಹಿರಿಯರು ಕೂತಿದ್ದರು. ಎಪ್ಪತ್ತರ ಆಸುಪಾಸು, ಮಿಲಿಟರಿಯಿಂದ ನಿವೃತ್ತರಾಗಿ ಬೇಸಾಯಕ್ಕೆ ಮರಳಿದವರು. ಲಕ್ವ ಹೊಡೆದು ಎಡಗೈ ಸೋತಿತ್ತು. ಬೆರಳು ಹಗ್ಗ ಹಿಡಿಯದ ಕಾರಣ ಅಂಗೈಯನ್ನು ಬಟ್ಟೆಯಿಂದ ಹಗ್ಗಕ್ಕೆ ಕಟ್ಟಿರುತ್ತಿದ್ದರು. ನಾನು ಹಗ್ಗ ಬಿಟ್ಟದ್ದನ್ನು ನೋಡಿ ಕೇಳಿದರು:

“ಮೇಡಮ್ಮೋರೆ, ಬಾಕ್ಸಿಂಗ್ ನೋಡಿದ್ದೀರಾ?”

“ಇಲ್ಲ ಯಜಮಾನ್ರೆ. ಹೊಡೆದಾಡೋದು ನೋಡೋಕೆ ನನ್ನ ಕೈಲಾಗಲ್ಲ.”

“ನೋಡೋದು ಬ್ಯಾಡ, ಯೋಚ್ನೆ ಮಾಡಿ ಸಾಕು. ಐವತ್ತು ವರ್ಸದ ಇಂದೆ ಒಬ್ಬ ಚಾಂಪಿಯನ್ ಇದ್ದ. ಆಳು ಗಿಡ್ಡ. ತಲೆ ಆ ಕಡೆ ಈ ಕಡೆ ಆಡಿಸ್ಕಂಡು ಒಳೀಕೆ ನುಗ್ಗೋನು. ಈಗ್ಲೂ ಒಬ್ಬ ಅವ್ನೆ, ತೆಂಗಿನ್ಮರ ಇದ್ದಂಗೆ. ಕೈ ಚಾಚಿದ್ರೆ ಈ ಗೋಡೆಯಿಂದ ಆ ಗೋಡೆ. ಇವ್ರಿಬ್ರನ್ನೂ ಒಂದೇ ಅಖಾಡಕ್ಕೆ ಬುಟ್ರೆ ಯಾರ್ ಗೆಲ್ತಾರೆ?”

“ಉದ್ದದವನೇ ಇರಬೇಕು.”

“ಅಂಗಾರೆ ಉದ್ದದೋನು ನಂಗಿರ್ಲಿ, ಗಿಡ್ಡ ನಿಮಗೆ. ಹತ್ತು ಸಲ ಎಳೆದ್ರೆ ಒಂದು ಸುತ್ತು. ಮೊಣಕೈ ಒಳಕ್ಕೆ ಇಡ್ಕಳಿ. ಬರ್ಲಿ ನಿಮ್ಮೋನು.”

ನಗು ಬಂತು. ಆ ನಗುವಿನಲ್ಲೇ ಹತ್ತು ಸಲ ಎಳೆದಿದ್ದೆ.

ಹೀಗೆ ನಮ್ಮ ಪಂದ್ಯ ಶುರುವಾಯಿತು. ಅವರು ಗಟ್ಟಿಯಾಗಿ ವಿವರಣೆ ಕೊಡುವುದು, ನಾವಿಬ್ಬರೂ ಎಳೆಯುವುದು, ನಡುವೆ ಒಂದು ನಿಮಿಷ ಸುಧಾರಿಸಿಕೊಳ್ಳುವುದು. ಒಂದು ಸುತ್ತನ್ನೇ ವಾರವೆಲ್ಲ ಮತ್ತೆ ಮತ್ತೆ ಎಳೆದ ಮೇಲೆಯೇ ಪಂದ್ಯದ ಮುಂದಿನ ಸುತ್ತು, ಅದು ಅವರ ನಿಯಮ. ಕೈ ನೋಯುವ ದಿನ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಫಿಸಿಯೋ ಹುಡುಗಿ ಮೊದಮೊದಲು ಬೈದಳು, ಆಮೇಲೆ ಅವಳೇ ಸುತ್ತು ಎಣಿಸತೊಡಗಿದಳು. ನನಗೂ ಹಟ ಹಿಡಿಯಿತು. ಮನೆಯಲ್ಲಿ ಮೊಬೈಲು ತೆಗೆದು ಹಳೆಯ ಪಂದ್ಯಗಳನ್ನು ನೋಡಲು ಕೂತೆ. ಮೊದಲ ವಾರ ಏಟು ಬೀಳುವಾಗ ಕಣ್ಣು ಮುಚ್ಚುತ್ತಿದ್ದೆ. ಬರಬರುತ್ತ ಗಿಡ್ಡನ ಪಾದ ನೋಡುವುದು ಕಲಿತೆ. ಅವನು ಹೊಡೆಯುವ ಮೊದಲು ಪಾದ ಹೇಳಿಬಿಡುತ್ತಿತ್ತು.

“ಆ ಕಾಲದಲ್ಲಿ ಹದಿನೈದು ಸುತ್ತು ಆಡ್ತಿದ್ರು, ಈಗ ಹನ್ನೆರಡೇ,” ಎಂದು ಒಂದು ದಿನ ಜಗಳ ತೆಗೆದೆ. “ಹನ್ನೆರಡಕ್ಕೆ ನಿಲ್ಲಿಸಿದ್ರೆ ನಿಮ್ಮವನಿಗೆ ಅನುಕೂಲ. ನಮ್ಮವನಿಗೆ ದಮ್ಮು ಜಾಸ್ತಿ.”

“ದಮ್ಮು ಇದ್ರೇನವ್ವ? ನಿಮ್ಮೋನು ಈಗಿನೋರ ತೂಕದ ಲೆಕ್ಕದಲ್ಲಿ ಬರೀ ಎಲುಬು. ನಮ್ಮೋನು ಮೈಮ್ಯಾಕೆ ಒರಗಿದ್ರೆ ಸಾಕು, ಸುಸ್ತಾಗೋಯ್ತಾನೆ.” ಹಗ್ಗವನ್ನು ಇನ್ನೊಮ್ಮೆ ಎಳೆದರು. “ಆಗ್ಲಿ, ಹದಿನೈದೇ ಇರ್ಲಿ. ನ್ಯಾಯ ನ್ಯಾಯಾನೇ.”

ವಾಪಸು ಬರುವ ಬಸ್ಸಿನಲ್ಲೂ ಇದೇ ಮಾತು. ಟಿಕೆಟು ಕೊಡಲು ಬಂದ ಕಂಡಕ್ಟರು ನಾವು ಯಾರ ಮನೆಯ ಜಗಳ ಮಾತಾಡುತ್ತಿದ್ದೇವೆಂದು ಕಿವಿಗೊಟ್ಟು ನಿಂತದ್ದೂ ಉಂಟು. ನನ್ನ ಕೈ ಕಿವಿ ದಾಟಿ ನೆತ್ತಿಗೆ ಬಂತು. ಅವರ ಬೆರಳು ಬಟ್ಟೆ ಕಟ್ಟದೆಯೂ ಹಗ್ಗದ ಮೇಲೆ ನಿಲ್ಲತೊಡಗಿತು.

ಹನ್ನೆರಡನೆಯ ಸುತ್ತು ಮುಗಿದಿದ್ದ ಹೊತ್ತಿನಲ್ಲಿ ನಾನೊಂದು ಕೆಲಸ ಮಾಡಿದೆ. ನಮ್ಮ ಶಾಲೆಯ ಕ್ರೀಡಾಕೂಟಕ್ಕೆ ಅತಿಥಿಯನ್ನು ಹುಡುಕುತ್ತಿದ್ದರು. ಇವರ ಹೆಸರು ಸೂಚಿಸಿದೆ. ಕಾರ್ಡಿನಲ್ಲಿ ‘ಮಿಲಿಟರಿ ಬಾಕ್ಸಿಂಗ್ ಚಾಂಪಿಯನ್’ ಎಂದು ಅಚ್ಚು ಹಾಕಿಸಿದವಳೂ ನಾನೇ. ಹಾಗೆಂದು ಅವರು ಯಾವತ್ತೂ ಹೇಳಿರಲಿಲ್ಲ. ಅಷ್ಟೆಲ್ಲ ಗೊತ್ತಿದ್ದವರು ಮತ್ತೇನಾಗಿರಲು ಸಾಧ್ಯ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಕಾರ್ಡು ಕೊಟ್ಟಾಗ ಅವರು ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡರು. ಮಾರನೆಯ ಸರದಿಗೆ ಬರಲಿಲ್ಲ. ಎರಡು ವಾರ ಹೀಗೇ ಕಳೆಯಿತು. ಫೋನು ಮಾಡಿದರೆ ಎತ್ತಲಿಲ್ಲ.

ಭಾನುವಾರ ಶಾಗ್ಯಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಬಾ ತಾಯಿ. ನೀನೇನಾ ಗಿಡ್ಡನ ಕಡೆಯೋಳು?” ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು. “ಎಲ್ಡು ವಾರದಿಂದ ಕೈ ಅಳ್ಳಾಡಿಸ್ನಿಲ್ಲ. ಊಟಾನೂ ಅಷ್ಟಕ್ಕಷ್ಟೆ. ಏನಾಯ್ತು ಅಂದ್ರೆ ಬಾಯಿ ಬುಡಾಕಿಲ್ಲ.”

ಅವರು ಒಳಗಿನಿಂದ ಬಂದು ಕಂಬಕ್ಕೊರಗಿ ಕೂತರು. ನನ್ನ ಮುಖ ನೋಡಲಿಲ್ಲ. ಜೇಬಿನಿಂದ ಆ ಕಾರ್ಡು ತೆಗೆದು ನಡುವೆ ಇಟ್ಟರು.

“ಇದು ಸುಳ್ಳು ಕಣವ್ವ. ನಾನು ಚಾಂಪಿಯನ್ನೂ ಅಲ್ಲ, ಗಿಂಪಿಯನ್ನೂ ಅಲ್ಲ. ಒಂದೇ ಸಲ ಆಡಿದ್ದು. ಮೊದ್ಲನೇ ಸುತ್ತಲ್ಲೇ ಬಿದ್ದೋದೆ. ಆಮ್ಯಾಕೆ ವರ್ಸಗಟ್ಲೆ ಬಕೆಟ್ಟು ಇಡ್ಕಂಡು ಅಖಾಡದ ಮೂಲೇಲಿ ನಿಂತಿದ್ದೆ. ಆಡೋರ ಮುಕ ಒರೆಸೋದು, ನೀರು ಕುಡಿಸೋದು, ಅಷ್ಟೇ ನನ್ ಕೆಲ್ಸ. ನೀವು ಚಾಂಪಿಯನ್ ಅಂತ ನಂಬ್ಕಂಡಿದ್ದು ಗೊತ್ತಾಗ್ತಿತ್ತು. ಕೇಳಾಕೆ ಚೆನ್ನಾಗಿತ್ತು, ಸುಮ್ಕಿದ್ದೆ.”

ನನಗೆ ನಾಚಿಕೆಯಾಯಿತು. ಕೇಳದೆ ಬರೆಸಿದವಳು ನಾನು, ತಲೆ ತಗ್ಗಿಸಿ ಕೂತವರು ಅವರು.

“ತಪ್ಪು ನನ್ನದು ಯಜಮಾನ್ರೆ. ಬೇರೆ ಕಾರ್ಡು ಮಾಡಿಸ್ತೀನಿ. ಆದರೆ ನೀವು ಬರಲೇಬೇಕು. ಮೂಲೇಲಿ ನಿಂತು ಏನು ಮಾಡ್ತಿದ್ರಿ ಅಂತಲೇ ಹೇಳಿ.”

“ಬಕೆಟ್ಟಿನ ಕತೆ ಯಾರ್ ಕೇಳ್ತಾರೆ?”

“ನಾನು ಕೇಳ್ತೀನಿ,” ಎಂದರು ಹೆಂಡತಿ, ಅವರೆಕಾಯಿಯಿಂದ ತಲೆ ಎತ್ತದೆ. “ಮದ್ವೆಯಾಗಿ ಇಷ್ಟು ವರ್ಸಾತು, ನನ್ಗೇ ಏಳಿಲ್ಲ.”

ಕ್ರೀಡಾಕೂಟಕ್ಕೆ ಅವರು ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೊತೆಯಲ್ಲಿ ಹೆಂಡತಿ. ಮೈಕಿನ ಮುಂದೆ ನಿಂತು ಮೊದಲು ಹೇಳಿದ್ದೇ ತಾವು ಸೋತ ಆ ಒಂದು ಆಟದ ಸಂಗತಿ. ಮೈದಾನ ಗೊಳ್ಳೆಂದು ನಕ್ಕಿತು, ಅವರೂ ನಕ್ಕರು. ಆಮೇಲೆ ಎರಡು ಸುತ್ತುಗಳ ನಡುವೆ ಮೂಲೆಯಲ್ಲಿ ಸಿಗುವ ಒಂದು ನಿಮಿಷದ ವಿಷಯಕ್ಕೆ ಬಂದರು.

“ಆಡೋನು ಬಂದು ಕುಂತ್ಕಂಡಾಗ ಅವ್ನಿಗೆ ಏನೂ ಕೇಳ್ಸಾಕಿಲ್ಲ. ಎದೆ ಬಡ್ಕಂತಿರ್ತದೆ. ಆಗ ಒಂದೇ ಮಾತು ಏಳ್ಬೇಕು. ಎಲ್ಡು ಏಳಿದ್ರೆ ತಲೆಗೆ ಓಗಾಕಿಲ್ಲ. ಯಾವ ಮಾತು ಅಂತ ಗೊತ್ತಾಗ್ಬೇಕಾದ್ರೆ ಅವ್ನು ಆಡೋದನ್ನ ಕಣ್ಣು ಮಿಟುಕಿಸ್ದೆ ನೋಡಿರ್ಬೇಕು. ನಾನು ಗೆದ್ದಿಲ್ಲ. ಆದ್ರೆ ನಾನು ನೀರು ಕುಡಿಸ್ದೋರು ಗೆದ್ದವ್ರೆ.”

ನಾನು ಶಿಕ್ಷಕರ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಅಷ್ಟು ತಿಂಗಳಲ್ಲಿ ಅವರು ನನಗೆ ಒಂದು ಸುತ್ತಿಗೆ ಒಂದೇ ಮಾತು ಹೇಳಿದ್ದರು. ಮೊಣಕೈ ಒಳಕ್ಕೆ. ಉಸಿರು ಬುಡಿ. ಭುಜ ಕಿವಿಗೆ ತಾಗಿಸ್ಬ್ಯಾಡಿ. ತಮ್ಮ ಕೈ ನಡುಗುತ್ತಿದ್ದಾಗಲೂ ಅವರ ಕಣ್ಣು ನನ್ನ ಭುಜದ ಮೇಲೇ ಇತ್ತೆಂಬುದು ಆಗ ಹೊಳೆಯಿತು.

ಮುಂದಿನ ವಾರ ಅವರು ರಾಟೆಗೆ ಮರಳಿದರು, ಹದಿಮೂರನೆಯ ಸುತ್ತು ಶುರುವಾಯಿತು. ಹದಿನಾಲ್ಕನೆಯ ಸುತ್ತಿನಲ್ಲಿ ನನ್ನ ಗಿಡ್ಡ ಒಮ್ಮೆ ಒಳನುಗ್ಗಿ ಎಡಗೈಯಲ್ಲಿ ಬಾರಿಸಿದ, ಉದ್ದದವನು ಅಖಾಡದ ಸುತ್ತಲಿನ ಹಗ್ಗಕ್ಕೆ ಜೋತುಬಿದ್ದ. ಅದನ್ನು ಅವರೇ ವರ್ಣಿಸಿದರು, ತಮ್ಮವನೇ ಏಟು ತಿಂದರೂ ಏನೂ ಮುಚ್ಚಿಡದೆ. ಹದಿನೈದನೆಯದರ ಕೊನೆಯ ಎಳೆತಕ್ಕೆ ನನ್ನ ಕೈ ಪೂರಾ ಮೇಲೆ ಹೋಗಿ ರಾಟೆಯ ಕಬ್ಬಿಣ ತಾಗಿತು. ಫಿಸಿಯೋ ಹುಡುಗಿ ಚಪ್ಪಾಳೆ ತಟ್ಟಿದಳು.

“ಏನಾಯ್ತು ಯಜಮಾನ್ರೆ, ಯಾರು ಗೆದ್ರು?”

ಅವರು ಹಗ್ಗ ಬಿಟ್ಟು ನನ್ನ ಕಡೆ ತಿರುಗಿದರು. “ಮೋಸ ಮಾಡಾಕಿಲ್ಲ ಕಣವ್ವ. ಪಾಯಿಂಟ್ ಮ್ಯಾಲೆ ನಮ್ಮೋನು ಗೆದ್ದ. ತೂಕ ತೂಕಾನೇ. ಆದ್ರೆ ನಿಮ್ಮೋನು ಬೀಳ್ನಿಲ್ಲ.”

ಸೋತ ಬೇಸರ ಒಂದಿಷ್ಟೂ ಆಗಲಿಲ್ಲ. ಮಾರನೆಯ ದಿನ ತರಗತಿಯಲ್ಲಿ ಬೋರ್ಡಿನ ತುತ್ತತುದಿಯಿಂದ ಲೆಕ್ಕ ಶುರುಮಾಡಿದೆ.

ಅವರ ಎಡಗೈ ಪೂರ್ತಿ ಸರಿಹೋಗಲಿಲ್ಲ. ಲೋಟ ಹಿಡಿಯುತ್ತದೆ, ಗುಂಡಿ ಹಾಕಲು ಬರುವುದಿಲ್ಲ. ಗುಂಡಿ ಹೆಂಡತಿ ಹಾಕುತ್ತಾರೆ. ನಾನು ತಿಂಗಳಿಗೊಮ್ಮೆಯಾದರೂ ಶಾಗ್ಯಕ್ಕೆ ಹೋಗಿ ಅವರ ಜಗಲಿಯಲ್ಲಿ ಕೂತು ಬರುತ್ತೇನೆ. ಡಾಕ್ಟರು, ಮಾತ್ರೆ, ರಾಟೆ ಎಲ್ಲದರ ಋಣವೂ ನನ್ನ ಮೇಲಿದೆ. ಆದರೆ ನೋವಿನ ಆ ತಿಂಗಳುಗಳನ್ನು ನೆನೆದರೆ ಈಗಲೂ ಮೊದಲು ನೆನಪಾಗುವುದು ಅವರ ದನಿ, ಅದರ ಹಿಂದೆಯೇ ನಗು.

ಹೋದ ಸಲ ಹೋದಾಗ ಅವರ ಹೆಂಡತಿ ಕಾಫಿ ಕೊಟ್ಟು ನಮ್ಮ ಜೊತೆಯಲ್ಲೇ ಕೂತರು. ನೂರು ವರ್ಷದ ಹಿಂದಿನ ಒಬ್ಬ ಚಾಂಪಿಯನ್ನನನ್ನು ತಮ್ಮ ಪಾಲಿಗೆ ಆರಿಸಿಕೊಂಡಿದ್ದಾರಂತೆ. ಅವನು ಗೆಲ್ಲುವುದಿಲ್ಲವೆಂದು ಗಂಡ ಎಷ್ಟು ಹೇಳಿದರೂ ಅವನನ್ನು ಬಿಟ್ಟುಕೊಡಲು ಅವರು ತಯಾರಿಲ್ಲ.