ರಟ್ಟಣ್ಣನ ಮುನ್ನೂರು ಹಾಳೆ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಮೇಲಿನ ಮಹಡಿಯ ಲೈಬ್ರರಿಯನ್ ಮೇಡಂನಿಂದ ಹಿಡಿದು ಬಾಗಿಲು ಕಾಯುವವನ ತನಕ ಎಲ್ಲರಿಗೂ ಅವನು ರಟ್ಟಣ್ಣ. ಮೂವತ್ತೊಂದು ವರ್ಷ ಅದೇ ಕೋಣೆ, ಅದೇ ಮೇಜು, ಅದೇ ದಬ್ಬಣ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಓದಿದ ಗುರುತಿಗೆಂದು ಹಾಳೆಯ ಮೂಲೆ ಮಡಚುವವರನ್ನು ಕಂಡರಂತೂ ಮೈಯೆಲ್ಲ ಉರಿ. ಆದರೆ ಕೆಲಸದ ವಿಷಯದಲ್ಲಿ ಎರಡು ಮಾತಿಲ್ಲ. ಅವನು ಕಟ್ಟಿದ ಪುಸ್ತಕ ಇಪ್ಪತ್ತು ವರ್ಷ ರಿಪೇರಿಗೆ ವಾಪಸ್ ಬರುವುದಿಲ್ಲ ಎಂದು ಮೇಲಿನವರು ಹೇಳುತ್ತಿದ್ದರು. ಅವನು ಅದನ್ನು ಕೇಳಿಸದವನ ಹಾಗೆ ಮುಖ ಮಾಡಿಕೊಂಡು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

ಇಂಥವನು ಪೆನ್ನು ಹಿಡಿದದ್ದು ಮಗಳ ದೆಸೆಯಿಂದ. ಬೇರೆ ಊರಿನ ಶಾಲೆಯಲ್ಲಿ ಟೀಚರಾಗಿರುವ ಮಗಳು ಹೋದ ವರ್ಷ ತನ್ನ ಹುಟ್ಟಿದ ದಿನಕ್ಕೆ ಬಂದಿದ್ದಳು. ಅಪ್ಪ ತಂದಿಟ್ಟ ಬಟ್ಟೆಯ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿದಳು.

"ಮುಂದಿನ ವರ್ಷ ಬಟ್ಟೆ ಬೇಡ ಅಪ್ಪ. ಅಮ್ಮನ ಬಗ್ಗೆ ನಿಂಗೆ ಏನೇನು ನೆನಪಿದೆಯೋ ಎಲ್ಲಾ ಬರ್ದು ಕೊಡು. ಅಮ್ಮ ಹೋದಾಗ ನಂಗೆ ಮೂರು ವರ್ಷ. ಅವಳ ದನಿ ಹೇಗಿತ್ತು ಅಂತಾನೂ ಗೊತ್ತಿಲ್ಲ."

"ಫೋಟೋ ಇದೆಯಲ್ಲ ಪುಟ್ಟಿ."

"ಆ ಫೋಟೋದಲ್ಲಿ ಅಮ್ಮ ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದಾಳೆ. ನಂಗೆ ಬೇಕಾಗಿರೋದು ಅದಲ್ಲ."

ಮಾತು ಅಲ್ಲಿಗೇ ಮುಗಿಯಿತು. ಆದರೆ ರಟ್ಟಣ್ಣನ ಎದೆಯಲ್ಲಿ ಅದು ನಾಟಿಕೊಂಡಿತು. ಹೆಂಡತಿ ಹೋಗಿ ಇಪ್ಪತ್ತನಾಲ್ಕು ವರ್ಷ. ಅಷ್ಟೂ ವರ್ಷ ಅವನು ಅವಳ ಸುದ್ದಿಯನ್ನು ಬಾಯಿಂದ ಹೊರಗೆ ಬಿಟ್ಟವನಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದ. ಹೇಳದೆ ಇಟ್ಟುಕೊಂಡದ್ದು ತನ್ನ ಜೊತೆಗೇ ಹೋಗಿಬಿಡುತ್ತದೆ ಎಂಬುದು ಅವತ್ತು ಮೊದಲ ಸಲ ಹೊಳೆಯಿತು. ದಿನಕ್ಕೊಂದು ಹಾಳೆ ಬರೆಯುವುದು, ಮಗಳ ಮುಂದಿನ ಹುಟ್ಟಿದ ದಿನಕ್ಕೆ ಎಲ್ಲವನ್ನೂ ತಾನೇ ಹೊಲಿದು, ತಾನೇ ರಟ್ಟು ಕಟ್ಟಿ ಅವಳ ಕೈಗಿಡುವುದು ಎಂದು ಗಟ್ಟಿ ಮನಸ್ಸು ಮಾಡಿದ.

ಮನೆಯಲ್ಲಿ ಬರೆಯಲಾಗಲಿಲ್ಲ. ಆ ಗೋಡೆಗಳ ನಡುವೆ ಕೂತರೆ ಕೈ ಏಳುತ್ತಲೇ ಇರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ, ಬೈಂಡಿಂಗ್ ಮೇಜಿನ ಮೇಲೇ ಬರೆಯತೊಡಗಿದ. ಕಾಗದಕ್ಕೇನು ಬರ? ಗ್ರಂಥಾಲಯ ಬಿಸಾಡಿದ ಹಳೆಯ ಫಾರಂಗಳು ರಾಶಿ ಬಿದ್ದಿದ್ದವು. ಒಂದು ಬದಿ ಅಚ್ಚು, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಯಲ್ಲಿ ಬಾಲ್ ಪೆನ್ನಿನಿಂದ ಒತ್ತೊತ್ತಿ ಬರೆಯುತ್ತಿದ್ದ. ಬರೆದ ಹಾಳೆಯನ್ನು ಮೇಜಿನ ಕೆಳಗೆ ಎಡಗಡೆಯಿದ್ದ ಮರದ ಪೆಟ್ಟಿಗೆಗೆ ಹಾಕುತ್ತಿದ್ದ. ಬಲಗಡೆಯ ಪೆಟ್ಟಿಗೆ ಕೆಲಸಕ್ಕೆ ಬೇಕಾದ ರದ್ದಿ ಕಾಗದಕ್ಕೆ. ಒಮ್ಮೆ ಹಾಕಿದ್ದನ್ನು ತೆಗೆದು ನೋಡಬಾರದೆಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದ. ನೋಡಿದರೆ ನಾಚಿಕೆಯಾಗಿ ನಿಲ್ಲಿಸಿಬಿಡುತ್ತೇನೆ ಎಂಬ ಭಯ ಅವನಿಗೆ.

ಆ ಕೋಣೆಯಲ್ಲಿ ಇನ್ನೊಂದು ಜೀವ ಇತ್ತು. ಮೈದಾ ಹಿಟ್ಟು ಕುದಿಸಿ ಅಂಟು ಮಾಡುವ, ಕಸ ಗುಡಿಸುವ ಹೆಂಗಸು. ಎಲ್ಲರಿಗೂ ಅಂಟಕ್ಕ. ಓದು ಬರಹ ಬಾರದು. ಪುಸ್ತಕದ ನಡುವೆ ಹನ್ನೆರಡು ವರ್ಷ ಕಳೆದರೂ ಒಂದಕ್ಷರ ತಾಗಿಸಿಕೊಂಡಿರಲಿಲ್ಲ. "ಏನಣ್ಣ, ದಿನಾ ಬರೀತಾನೇ ಇರ್ತೀರಾ, ಯಾರಿಗೆ ಕಾಗದ?" ಎಂದು ಕೆಣಕುತ್ತಿದ್ದಳು. "ನಿನ್ನ ಮೇಲೆ ದೂರು ಬರೀತಿದ್ದೀನಿ" ಎನ್ನುತ್ತಿದ್ದ. ಅವಳು ನಗುತ್ತಿದ್ದಳು.

ಬರೆಯುತ್ತ ಹೋದಂತೆ ರಟ್ಟಣ್ಣನಿಗೆ ಮೈ ಹಗುರವಾಯಿತು. ಇಪ್ಪತ್ತನಾಲ್ಕು ವರ್ಷ ಹೊತ್ತದ್ದನ್ನು ಇಳಿಸಿಟ್ಟಂತಾಯಿತು. ಒಂದು ಸಂಗತಿ ಹಾಳೆಗೆ ಇಳಿದರೆ ಸರಿ, ಮತ್ತೆ ಅದನ್ನು ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಇದೆಯಲ್ಲ!

ಹುಟ್ಟಿದ ದಿನ ಹತ್ತಿರ ಬಂದಾಗ ಕೊನೆಯ ನಾಲ್ಕು ದಿನ ಅವನು ಹೆಂಡತಿಯ ಬಗ್ಗೆ ಬರೆಯಲಿಲ್ಲ. ವರ್ಷದ ಬಗ್ಗೆ ಬರೆದ. ಎಷ್ಟು ಹಾಳೆ ಆಯಿತು, ಯಾವ ತಿಂಗಳು ಕೈ ಓಡಿತು, ಯಾವ ತಿಂಗಳು ಸೋಮಾರಿಯಾದೆ, ಏಳನೇ ಕ್ಲಾಸು ಓದಿದವನು ಮುನ್ನೂರು ಹಾಳೆ ಬರೆದದ್ದು ಸಣ್ಣ ಮಾತಲ್ಲ ಎಂದೆಲ್ಲ. ಸ್ವಲ್ಪ ಬೀಗಿಯೇ ಬರೆದ. ಬೀಗಲಿ ಬಿಡಿ, ಆ ಕೋಣೆಗೆ ಬಂದು ಬೆನ್ನು ತಟ್ಟುವವರು ಬೇರೆ ಯಾರಿದ್ದರು?

ಗುರುವಾರ ಮಧ್ಯಾಹ್ನ ಹೊಲಿಯಲು ಸೂಜಿ ದಾರ ತೆಗೆದಿಟ್ಟುಕೊಂಡು ಎಡಗಡೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದ. ಬಿದ್ದದ್ದು ಆ ನಾಲ್ಕು ಹಾಳೆ. ಅವುಗಳ ಕೆಳಗೆ ಬರೀ ಖಾಲಿ ಫಾರಂ.

ರಟ್ಟಣ್ಣ ಆ ಫಾರಂಗಳನ್ನು ಒಂದೊಂದಾಗಿ ತಿರುವಿ ನೋಡಿದ. ಬಲಗಡೆಯ ಪೆಟ್ಟಿಗೆ ಎಳೆದ. ಅದರಲ್ಲೂ ರದ್ದಿ. ಬೀರು ತೆಗೆದ, ರಟ್ಟಿನ ರಾಶಿ ಉರುಳಿಸಿದ, ಅಂಟಿನ ಒಲೆಯ ಹಿಂದೆ ಕೈ ಹಾಕಿದ. ಆಮೇಲೆ ಅಂಟಕ್ಕನ ಕಡೆ ತಿರುಗಿದ.

"ಎಲ್ಲಿಗೆ ಹಾಕ್ದೆ? ನನ್ನ ಹಾಳೆ ಎಲ್ಲಿಗೆ ಹಾಕ್ದೆ? ಒಲೆಗೆ ಹಾಕಿದ್ಯಾ?"

"ಯಾವ ಹಾಳೆ ಅಣ್ಣ?"

"ಈ ಪೆಟ್ಟಿಗೇಲಿದ್ದದ್ದು! ಒಂದು ವರ್ಷದ್ದು!"

ಬಾಯಿಗೆ ಬಂದಂತೆ ಬೈದ. ಅಕ್ಷರ ಬಾರದವಳನ್ನು ಪುಸ್ತಕದ ಕೋಣೆಗೆ ಬಿಟ್ಟದ್ದೇ ತಪ್ಪು ಎಂದ. ಅಂಟಕ್ಕ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು, ಅವನು ಸುಸ್ತಾಗುವ ತನಕ ಕಾದಳು.

"ನಾನು ಮಾಡಿದ್ದು ಇಷ್ಟೇ," ಎಂದಳು. "ನಿಮ್ಮ ಬಲಗಡೆ ಪೆಟ್ಟಿಗೆ ಖಾಲಿ ಆದಾಗೆಲ್ಲ ಎಡಗಡೇದನ್ನ ಅದಕ್ಕೆ ಸುರೀಲಾ ಅಂತ ಕೇಳ್ದೆ. ನೀವು ಬರೀತಾ ಕೂತಿದ್ರಿ, ಹೂಂ ಅಂದ್ರಿ. ಸುರಿದೆ. ನಾನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾಕ್ದೆ ಅಷ್ಟೇ ಅಣ್ಣ. ಹರಿದದ್ದು ನಿಮ್ಮ ಕೈ."

ಅವನಿಗೆ ನಿಧಾನವಾಗಿ ತಿಳಿಯಿತು. ಪುಸ್ತಕ ಹೊಲಿದ ಮೇಲೆ ಅದರ ಬೆನ್ನಿಗೆ ರದ್ದಿ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಬಟ್ಟೆ, ಆಮೇಲೆ ರಟ್ಟು. ಆ ಪಟ್ಟಿ ಒಳಗೇ ಉಳಿಯುತ್ತದೆ. ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ಬಲಗೈಯನ್ನು ಕೆಳಗೆ ಬಿಟ್ಟು, ಸಿಕ್ಕ ಹಾಳೆ ತೆಗೆದು, ಹೆಬ್ಬೆರಳಲ್ಲಿ ಒತ್ತಿ ಸರ್ರನೆ ಹರಿದು, ಪುಸ್ತಕದ ಅಳತೆಗೆ ತುದಿ ಕತ್ತರಿಸಿ ಅಂಟಿಸುವುದು ಅವನ ವರಸೆ. ಪಟ್ಟಿ ಹರಿಯಲು ಕಣ್ಣು ಬೇಡ, ಹೆಬ್ಬೆರಳು ಸಾಕು ಎಂದು ಜಂಬ ಬೇರೆ. ಆದರೆ ವರ್ಷದ ಮೊದಲ ಭಾಗದಲ್ಲಿ ಕೋಣೆಗೆ ಬಣ್ಣ ಹೊಡೆದಾಗ, ಕಣ್ಣು ಮಂಜಾಗುತ್ತಿದೆ, ಬೆಳಕು ಎದುರಿಗೆ ಬರಲಿ ಎಂದು ಅವನೇ ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಹಾಕಿಕೊಂಡಿದ್ದ. ಪೆಟ್ಟಿಗೆಗಳು ಇದ್ದಲ್ಲೇ ಇದ್ದವು. ಅವತ್ತಿನಿಂದ ಅವನ ಎಡ ಬಲವಾಯಿತು, ಬಲ ಎಡವಾಯಿತು. ಕೈಗಳಿಗೆ ಮಾತ್ರ ಯಾರೂ ಹೇಳಲಿಲ್ಲ. ಎಡಗೈ ರದ್ದಿಯ ಪೆಟ್ಟಿಗೆಗೆ ಹೆಂಡತಿಯನ್ನು ಹಾಕಿತು, ಬಲಗೈ ಹೆಂಡತಿಯನ್ನು ತೆಗೆದು ಹರಿಯಿತು, ಆ ಪೆಟ್ಟಿಗೆ ಖಾಲಿಯಾದಾಗ ಅಂಟಕ್ಕ ಸುರಿದದ್ದನ್ನೂ ಹರಿಯಿತು. ಮುನ್ನೂರು ಹಾಳೆಯೂ ಗ್ರಂಥಾಲಯದ ಪುಸ್ತಕಗಳ ಬೆನ್ನೊಳಗೆ ಹೋಗಿ ಕೂತಿದ್ದವು.

ಅವನು ಕುಕ್ಕರಿಸಿ ಕೂತುಬಿಟ್ಟ. ಅಂಟಕ್ಕನಿಗೆ ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ. ಅವಳು ಸೌಟು ಎತ್ತಿಕೊಂಡು ತನ್ನ ಕೆಲಸಕ್ಕೆ ಹೋದಳು.

ಮೇಲಿನ ಮೇಡಂ ಪೂರ್ತಿ ಕಥೆ ಕೇಳಿದರು. ಕೆಟ್ಟವರೇನಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆ ಉರಿಯುತ್ತೆ ರಟ್ಟಣ್ಣ ಎಂದರು. ಆದರೆ ವರ್ಷದಲ್ಲಿ ಕಟ್ಟಿದ ಪುಸ್ತಕ ಒಂದೂವರೆ ಸಾವಿರಕ್ಕೂ ಮೇಲೆ.

"ಗಟ್ಟಿಯಾಗಿರೋ ಪುಸ್ತಕ ಕಿತ್ತು ಹಾಕಿ ಅಂತ ನಾನು ಹೇಗೆ ಸಹಿ ಹಾಕ್ಲಿ ಹೇಳಿ? ರಿಪೇರಿಗೆ ಬಂದಾಗ ಒಂದೊಂದೇ ತೆಗೆದುಕೊಳ್ಳಿ."

"ನಾನು ಕಟ್ಟಿದ್ದು ರಿಪೇರಿಗೆ ಬರಲ್ಲ ಮೇಡಂ."

ಈ ಮಾತನ್ನು ಅವನು ಇಷ್ಟು ವರ್ಷ ಬೇರೆಯವರ ಬಾಯಿಂದ ಕೇಳಲು ಆಸೆಪಟ್ಟಿದ್ದ. ಈಗ ತಾನೇ ಹೇಳಬೇಕಾಯಿತು. ಅವನ ನಿವೃತ್ತಿಗೆ ಎರಡು ವರ್ಷ ಇತ್ತು.

ಇನ್ನೂ ರಟ್ಟು ಹಾಕದೆ ಮೇಜಿನ ಮೇಲಿದ್ದ ಏಳು ಪುಸ್ತಕಗಳನ್ನು ಬಿಚ್ಚಲು ಮೇಡಂ ಒಪ್ಪಿದರು. ಒದ್ದೆ ಬಟ್ಟೆಯಿಂದ ಅಂಟು ನೆನೆಸಿ, ಕಾಗದ ಮಡಿಸುವ ಮೂಳೆಯ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ಏಳು ಪಟ್ಟಿ ತೆಗೆದ. ಪುಣ್ಯಕ್ಕೆ ಅವನ ಸಾಲುಗಳ ಉದ್ದಕ್ಕೇ ಹರಿದಿದ್ದವು. ಒಂದೊಂದರಲ್ಲಿ ಎರಡು ಮೂರು ಸಾಲು. ಅಳತೆಗೆ ಕತ್ತರಿಸಿದ್ದರಿಂದ ತುದಿ ಮಾತ್ರ ಇರಲಿಲ್ಲ. ಓದಿ ನೋಡಲು ಧೈರ್ಯ ಸಾಲಲಿಲ್ಲ. ಒಣಗಿಸಿ, ಒತ್ತಿಟ್ಟು, ಒಂದು ಲಕೋಟೆಗೆ ಹಾಕಿದ.

ಇನ್ನೂ ಎರಡು ದಿನ ಇತ್ತು. ಮತ್ತೆ ಬರೆದರಾಯಿತು ಎಂದು ಶುಕ್ರವಾರ ಹೊಸ ಹಾಳೆ ಹಿಡಿದು ಕೂತ. ಬಂದದ್ದು ಆಸ್ಪತ್ರೆ ಮಾತ್ರ. ಹಸಿರು ಪರದೆ, ಬಾಟಲಿ ತೂಗುಹಾಕಿದ ಕಬ್ಬಿಣದ ಕಂಬ, ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ. ಅದಕ್ಕಿಂತ ಹಿಂದಕ್ಕೆ ಹೋಗಲು ನೋಡಿದರೆ ಅಲ್ಲಿ ಅವಳ ಬದಲು ಅವಳ ಬಗ್ಗೆ ಬರೆದ ಹಾಳೆ ಇತ್ತು, ಹಾಳೆಯಲ್ಲಿ ಏನಿತ್ತೆಂದು ಮಾತ್ರ ಗೊತ್ತಿರಲಿಲ್ಲ. ಶನಿವಾರವೂ ಹಾಗೇ ಹೋಯಿತು. ಬರೆಯದೆ ಇದ್ದಿದ್ದರೆ ಅಷ್ಟಾದರೂ ತಲೆಯಲ್ಲಿ ಉಳಿಯುತ್ತಿತ್ತಲ್ಲ ಎಂದು ಅವನಿಗೆ ಅಳು ಬಂತು.

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಅವನು ಸುತ್ತುಬಳಸದೆ ನಡೆದದ್ದೆಲ್ಲ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರಿ, ಇರೋದನ್ನ ಕೊಡು" ಎಂದು ಲಕೋಟೆ ಇಸಕೊಂಡು ಮಂಚದ ಮೇಲೆ ಪಟ್ಟಿಗಳನ್ನು ಸಾಲಾಗಿ ಹರಡಿದಳು. ಒಂದೊಂದೇ ಎತ್ತಿ, ತುದಿ ಇಲ್ಲದಲ್ಲಿ ನಿಲ್ಲಿಸುತ್ತ ಗಟ್ಟಿಯಾಗಿ ಓದಿದಳು.

"ಇವತ್ತು ಬೆನ್ನು ನೋವು ಜಾಸ್ತಿ. ಅವಳ ಬಗ್ಗೆ ನಾಳೆ ಸಮಾಧಾನವಾಗಿ ಕೂತು."

"ಈ ಸಲ ಕಳಿಸಿದ ರಟ್ಟು ಕಳಪೆ. ಮೇಲಿನವರಿಗೆ ಹೇಳಿದರೆ ಕಿವಿಗೆ."

"ಬರೆಯುವುದು ಅಭ್ಯಾಸವಾಗುತ್ತಿದೆ. ನನ್ನ ಕೈಬರಹ ಮೊದಲಿಗಿಂತ."

"ಮದುವೆ ದಿನ ನಾನು ಹಾಕಿಕೊಂಡಿದ್ದ ಅಂಗಿ ನನ್ನ ಅಣ್ಣನದು. ನಾನು ಆಗ ತುಂಬ ತೆಳ್ಳಗೆ."

ಮತ್ತೆರಡರಲ್ಲೂ ನಾಳೆ ಬರೆಯುತ್ತೇನೆ ಎಂದೇ ಇತ್ತು. ಮಗಳು ತಲೆಯೆತ್ತಿ, "ಅಪ್ಪ, ಇದೆಲ್ಲ ನಿನ್ನ ಬಗ್ಗೇನೇ ಇದೆಯಲ್ಲ," ಎಂದಳು. ಚುಚ್ಚಲು ಹೇಳಿದ್ದಲ್ಲ, ಕಂಡದ್ದನ್ನು ಹೇಳಿದಳು.

"ಬೇರೇದರಲ್ಲೆಲ್ಲ ಅವಳೇ ಇದ್ದಳು ಪುಟ್ಟಿ. ಪೂರ್ತಿ ಅವಳೇ."

ಹೇಳುತ್ತಿದ್ದಂತೆ ಅವನಿಗೇ ಅನುಮಾನ ಬಂತು. ವರ್ಷವಿಡೀ ದಿನಕ್ಕೊಂದು ಹಾಳೆ ತುಂಬಿಸಿದ್ದು ನಿಜ. ಏನು ತುಂಬಿಸಿದೆ? ಮೈ ಹಗುರವಾದದ್ದು ನಿಜ. ಅದು ಅವಳನ್ನು ಬರೆದದ್ದರಿಂದಲೋ, ನಾಳೆಗೆ ತಳ್ಳಿದ್ದರಿಂದಲೋ? ನೋಡಿ ತಿಳಿಯೋಣ ಎಂದರೆ ಹಾಳೆಗಳಿಲ್ಲ.

ಮಗಳು ಕೊನೆಯ ಪಟ್ಟಿ ಎತ್ತಿಕೊಂಡಳು. ಓದಿದವಳ ದನಿ ಬದಲಾಯಿತು.

"ಅವಳಿಗೆ ನಗು ತಡೆಯಲು ಬರುತ್ತಿರಲಿಲ್ಲ. ನಗುವಾಗ ಅವಳು ಯಾವಾಗಲೂ."

ಅಷ್ಟೇ. ಅಲ್ಲಿಗೆ ಕತ್ತರಿ ಬಿದ್ದಿತ್ತು. ಅವಳು ಪಟ್ಟಿ ತಿರುಗಿಸಿ ನೋಡಿದಳು. ಹಿಂದೆ ಫಾರಂನ ಅಚ್ಚು.

"ಯಾವಾಗಲೂ ಏನ್ ಮಾಡ್ತಿದ್ಲು ಅಪ್ಪ?"

ರಟ್ಟಣ್ಣ ಕಣ್ಣು ಮುಚ್ಚಿದ. ಹಸಿರು ಪರದೆ ಬಂತು, ಕಂಬ ಬಂತು. ನಗು ಬರಲಿಲ್ಲ. ತಲೆ ಹಿಂದಕ್ಕೆ ಹಾಕುತ್ತಿದ್ದಳೇ? ಪಕ್ಕದಲ್ಲಿದ್ದವರ ತೋಳು ಹಿಡಿಯುತ್ತಿದ್ದಳೇ? ತಾನೇ ಬರೆದದ್ದು, ತನ್ನದೇ ಕೈಬರಹ. ಮಗಳು ಉಸಿರಾಡದೆ ಕಾಯುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಬೇಡಿದ್ದು ಅಮ್ಮನ ಸುದ್ದಿ ಒಂದೇ.

"ಬಾಯಿಗೆ ಕೈ ಅಡ್ಡ ಹಿಡ್ಕೊಳ್ತಿದ್ಲು," ಎಂದುಬಿಟ್ಟ.

ಮಗಳ ಮುಖ ಅರಳಿತು. ಕೈಯೆತ್ತಿ ಬೆರಳುಗಳನ್ನು ತುಟಿಗೆ ಅಡ್ಡ ತಂದಳು. "ಹೀಗಾ?"

"ಹೂಂ. ಹಾಗೇ."

ಸಂಜೆ ಅವಳನ್ನು ಬಸ್ಸಿಗೆ ಬಿಡಲು ಹೋದ. ಪಟ್ಟಿಯನ್ನು ಅವಳು ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ನಿಲ್ದಾಣದಲ್ಲಿ ಯಾರೋ ಅವಸರದಲ್ಲಿ ಬೇರೆ ಊರಿನ ಬಸ್ಸು ಹತ್ತಿ, ಬೈಸಿಕೊಂಡು ಇಳಿದು ಬಂದದ್ದನ್ನು ನೋಡಿ ಮಗಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಿದ್ದ ಹಾಗೇ ಕೈ ಮೇಲೆದ್ದು ಬಾಯಿಗೆ ಅಡ್ಡ ಬಂತು. ಅಪ್ಪ ನೋಡಿದನೇ ಎಂದು ಅವಳು ಆಸೆಯಿಂದ ತಿರುಗಿದಳು. ರಟ್ಟಣ್ಣ ಬಸ್ಸಿನ ಬೋರ್ಡು ಓದುತ್ತಿರುವವನಂತೆ ಆ ಕಡೆ ನೋಡುತ್ತ ನಿಂತ.