ಹಳದಿ ದೀಪದ ಮೈದಾನ

ನಮ್ಮ ಬ್ಲಾಕಿನ ಕೆಳಗೆ ಹುಲ್ಲು ಕತ್ತರಿಸುವವರು ಬರುವ ದಿನ ನಾನು ಕಿಟಕಿ ಮುಚ್ಚುವುದಿಲ್ಲ. ಸೆಂಬವಾಂಗ್‌ನ ಈ ಮನೆಗೆ ಬಂದಾಗಿನಿಂದ ಗಂಡನ ಜೊತೆ ಇದೊಂದು ತಪ್ಪದ ಜಗಳ. ಮೆಷಿನ್ನಿನ ಸದ್ದು, ಹೊಗೆ, ಧೂಳು ಎಂದು ಗೊಣಗುತ್ತಾ ಅವರು ಒಂದೊಂದೇ ಕಿಟಕಿ ಎಳೆದುಕೊಂಡು ಬರುತ್ತಾರೆ. ನಾನು ಹಿಂದಿನಿಂದ ಅಡುಗೆಮನೆಯದನ್ನು ತೆರೆದಿಡುತ್ತೇನೆ. ಮೊದಲು ಪೆಟ್ರೋಲಿನ ವಾಸನೆ ಬರುತ್ತದೆ. ಅದು ಕರಗಿದ ಮೇಲೆ, ನಿಧಾನವಾಗಿ, ಆಗತಾನೆ ಕತ್ತರಿಸಿದ ಹಸಿ ಹುಲ್ಲಿನ ವಾಸನೆ... ಮೊನ್ನೆ ಸಂಜೆಯೂ ಹಾಗೇ ಆಯಿತು. ಒಲೆಯ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕಿ ಚೆಲ್ಲುವವರೆಗೂ ನಾನು ಈ ಮನೆಯಲ್ಲಿ ಇರಲೇ ಇಲ್ಲ. ತೊಂಬತ್ತರ ದಶಕದಲ್ಲಿ, ಇದೇ ದ್ವೀಪನಗರದ ಇನ್ನೊಂದು ಬಡಾವಣೆ ಬುಕಿತ್ ಬಾಟೋಕ್‌ನಲ್ಲಿ, ನಮ್ಮ ಕಾಲೇಜಿನ ಸಿಮೆಂಟ್ ಮೆಟ್ಟಿಲಿನ ಮೇಲೆ, ಮೂಲೆಮನೆ ಅಂಕಲ್ ಪಕ್ಕದಲ್ಲಿ ಕೂತಿದ್ದೆ.

ನಮ್ಮ ಮಹಡಿಯ ಉದ್ದನೆಯ ಕಾರಿಡಾರಿನ ಕೊನೆಯ ಫ್ಲ್ಯಾಟ್ ಅವರದು. ಹಾಗಾಗಿ ಮೂಲೆಮನೆ ಅಂಕಲ್, ಮೂಲೆಮನೆ ಆಂಟಿ. ಅವರಿಗೊಂದು ಹೆಸರಿದೆ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಮರೆತೇ ಹೋಗಿತ್ತು. ಉಡುಪಿ ಕಡೆಯವರು, ಮನೆಯೊಳಗೆ ತುಳು, ಬಾಗಿಲಾಚೆ ನಮ್ಮ ಜೊತೆ ನಮ್ಮದೇ ಮೈಸೂರು ಕನ್ನಡ, ಆದರೆ ಸ್ವಲ್ಪ ಖುಷಿಯಾದರೆ ಸಾಕು, ಊರಿನ ಮಾತು ಹೊರಗೆ ಇಣುಕುತ್ತಿತ್ತು. ಜುರಾಂಗ್‌ನಲ್ಲಿ ಹಡಗುಗಳಿಗೆ ಬಿಡಿಭಾಗ ಒದಗಿಸುವ ಒಂದು ಕಂಪನಿಯಲ್ಲಿ ಅಂಕಲ್ ಪರ್ಚೇಸ್ ಆಫೀಸರ್. ಮಕ್ಕಳಿರಲಿಲ್ಲ. ಫುಟ್ಬಾಲ್ ಇತ್ತು.

ನಾನು ಓದುತ್ತಿದ್ದ ಕಾಲೇಜು ಬ್ಲಾಕಿನ ಹಿಂದೆಯೇ. ಅದರ ಮೈದಾನವನ್ನು ನಾವು ಹೆಮ್ಮೆಯಿಂದ ಸ್ಟೇಡಿಯಂ ಎನ್ನುತ್ತಿದ್ದೆವು. ಒಂದು ಬದಿಗೆ ಸಿಮೆಂಟ್ ಮೆಟ್ಟಿಲು, ನಡುವೆ ಒಂದಿಷ್ಟು ತಗಡಿನ ಚಾವಣಿ, ನಾಲ್ಕು ಮೂಲೆಗೆ ನಾಲ್ಕು ದೀಪದ ಕಂಬ, ಅಷ್ಟೇ. ದೀಪಗಳು ಹೆದ್ದಾರಿಯ ದೀಪಗಳ ಹಾಗೆ ಹಳದಿ. ಶನಿವಾರ ಸಂಜೆ ಸ್ವಿಚ್ ಹಾಕಿದರೆ ತಕ್ಷಣ ಹೊತ್ತಿಕೊಳ್ಳುವ ಜಾತಿಯವಲ್ಲ. ಮೊದಲು ತಿಳಿಗುಲಾಬಿ, ಆಮೇಲೆ ಕಿತ್ತಳೆ, ಆಮೇಲೆ ನಿದ್ದೆಯಿಂದ ಎದ್ದವರ ಹಾಗೆ ಮೆಲ್ಲಗೆ ಹಳದಿ. ಅಷ್ಟರಲ್ಲಿ ಆಕಾಶ ಕಪ್ಪಾಗಿ, ಆ ಮೈದಾನವೊಂದೇ ಎಲ್ಲಿಂದಲೋ ತೇಲಿ ಬಂದು ಬ್ಲಾಕುಗಳ ನಡುವೆ ನಿಂತಂತೆ ಕಾಣುತ್ತಿತ್ತು... ಆ ಬೆಳಕಿನಲ್ಲಿ ಹುಲ್ಲು ಹುರಿದ ರವೆಯ ಬಣ್ಣ. ನಮ್ಮವರ ಕೆಂಪು ಜೆರ್ಸಿ ಹಳೇ ಹುಣಸೆಹಣ್ಣಿನ ಬಣ್ಣ. ಬೇರೆ ಯಾವ ಕಾಲೇಜಿನವರು ಯಾವ ಬಣ್ಣ ಹಾಕಿಕೊಂಡು ಬಂದರೂ ಅದೂ ಹುಣಸೆಹಣ್ಣೇ. ಆಟಗಾರರಿಗೇ ಗೊಂದಲವಾಗಿ ತಮ್ಮವರೆಂದು ಎದುರಾಳಿಗೆ ಪಾಸ್ ಕೊಟ್ಟದ್ದೂ ಉಂಟು. ಅದಕ್ಕೇ ಅಲ್ಲೊಂದು ಪದ್ಧತಿ ಬೆಳೆದಿತ್ತು: ನಮ್ಮ ಮೈದಾನಕ್ಕೆ ಆಡಲು ಬರುವ ತಂಡ ಬಿಳಿ ಹಾಕಲೇಬೇಕು. ತಾರದವರಿಗೆ ನಮ್ಮ ಕಾಲೇಜೇ ಬಿಳಿ ಬನಿಯನ್ ಕೊಡುತ್ತಿತ್ತು.

ಅಮ್ಮ ನನ್ನನ್ನು ಮ್ಯಾಚಿಗೆ ಕಳಿಸುತ್ತಿದ್ದದ್ದು "ಅಂಕಲ್ ಇದ್ದಾರಲ್ಲ" ಎಂಬ ಒಂದೇ ಧೈರ್ಯದ ಮೇಲೆ. ಅಂಕಲ್ ಕೈಯಲ್ಲಿ ಮಡಚಿದ ಕಪ್ಪು ಕೊಡೆ, ನನ್ನ ಕೈಯಲ್ಲಿ ಆಂಟಿ ಕೊಟ್ಟ ಗೋಳಿಬಜೆಯ ಸ್ಟೀಲ್ ಡಬ್ಬಿ. ಮೆಟ್ಟಿಲ ಮೇಲೆ ನನ್ನ ಮಲಯ್ ಗೆಳತಿ, ಕ್ಲಾಸಿನ ಇಬ್ಬರು ಚೀನೀ ಹುಡುಗರು ಡಬ್ಬಿಯ ದಾರಿ ಕಾಯುತ್ತಿದ್ದರು. ನಾವು ಐದು ಜನ ಸೇರಿದರೆ ಆಟಗಾರರ ಬಗ್ಗೆ ಮಾತೇ ಇಲ್ಲ. ನಮ್ಮ ತಂಡ ಸೋಲುವುದರಲ್ಲಿ ಎತ್ತಿದ ಕೈ, ಮಾತಾಡುವುದಕ್ಕೇನಿದೆ? ನಮ್ಮ ಚರ್ಚೆಯೆಲ್ಲ ದೀಪದ್ದು, ಹುಲ್ಲಿನದು. ಯಾವ ಕಂಬದ ದೀಪ ಇವತ್ತು ಮಿಟುಕುತ್ತಿದೆ, ಗೋಲಿನ ಮುಂದಿನ ಬೋಳು ತೇಪೆ ಈ ವಾರ ಎಷ್ಟು ಅಗಲವಾಗಿದೆ, ಪಟ್ಟೆಪಟ್ಟೆಯಾಗಿ ಹುಲ್ಲು ಕತ್ತರಿಸಿದರೆ ಎಷ್ಟು ಚಂದ ಕಾಣುತ್ತಿತ್ತು... ಹುಡುಗರಿಗೆ ಒಂದೇ ಹಠ, ಬಿಳಿ ದೀಪ ಬರಬೇಕು. "ಫೋಟೋದಲ್ಲಿ ನಮ್ ಗ್ರೌಂಡ್ ಮರುಭೂಮಿ ಥರ ಕಾಣತ್ತೆ ಲಾ," ಎಂದು ಅವರಲ್ಲೊಬ್ಬ, ಮಾತಿಗೊಂದು 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ ಗೋಳಾಡುತ್ತಿದ್ದ. ಗೆಳತಿಯೂ ಅವರ ಕಡೆ. ನಾನೂ ಅವರ ಕಡೆಯೇ.

ವಿರೋಧ ಪಕ್ಷದಲ್ಲಿ ಅಂಕಲ್ ಒಬ್ಬರೇ. ಹುಡುಗರಿಗೆ ಇಂಗ್ಲಿಷಿನಲ್ಲಿ ಅರ್ಧ ಹೇಳಿ, ಇನ್ನರ್ಧಕ್ಕೆ ನನ್ನ ಕಡೆ ತಿರುಗುತ್ತಿದ್ದರು. "ನಮ್ಮೂರ ಬಯಲಾಟಕ್ಕೆ ಗ್ಯಾಸ್‌ಲೈಟ್ ಇದ್ದಾಗ ರಾಕ್ಷಸ ಬಂದ್ರೆ ಮಕ್ಕಳು ಅಮ್ಮನ ಸೆರಗಿಗೆ ನುಗ್ತಿದ್ವು ಮಾರಾಯ್ತಿ. ಟ್ಯೂಬ್‌ಲೈಟ್ ಹಾಕಿದ ವರ್ಷ ಅದೇ ರಾಕ್ಷಸ ಬಂದ, ಒಂದು ಮಗುವೂ ಅಳ್ಲಿಲ್ಲ. ಎಲ್ಲ ಕಂಡ್ರೆ ಆಟ ಎಲ್ಲಿ ಉಂಟು?" ನಾನು ಅದನ್ನು ಹುಡುಗರಿಗೆ ಅನುವಾದಿಸುವಷ್ಟರಲ್ಲಿ ಅವರು ಗೋಳಿಬಜೆಯಲ್ಲಿ ಮುಳುಗಿರುತ್ತಿದ್ದರು.

ಅಂಕಲ್‌ದು ಇನ್ನೊಂದು ಅಭ್ಯಾಸವಿತ್ತು. ಗೇಟು ದಾಟಿದ ಕೂಡಲೇ ನಿಂತು ಮೂಗರಳಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಹುಲ್ಲು ಕತ್ತರಿಸುತ್ತಿದ್ದರಿಂದ ಸಂಜೆಯವರೆಗೂ ಆ ವಾಸನೆ ಅಲ್ಲೇ ನಿಂತಿರುತ್ತಿತ್ತು. "ಹಸಿರು ಅಂದ್ರೆ ನನಗೆ ಇದು," ಎನ್ನುತ್ತಿದ್ದರು. ಪರ್ಚೇಸ್ ಆಫೀಸರರೊಳಗೆ ಒಬ್ಬ ಕವಿ ಇದ್ದಾನೆ ಎಂದು ನಾನು ಮನೆಯಲ್ಲಿ ತಮಾಷೆ ಮಾಡುತ್ತಿದ್ದೆ. ನಮ್ಮವರು ಅಪ್ಪಿತಪ್ಪಿ ಗೋಲು ಹೊಡೆದರೆ ಇಡೀ ಮೆಟ್ಟಿಲ ಮೇಲೆ ಮೊದಲು ಎದ್ದು ನಿಲ್ಲುವವರು ಅವರೇ. ಚೆಂಡು ಬಲೆ ಮುಟ್ಟುವ ಮೊದಲೇ ಕೊಡೆ ಮೇಲಕ್ಕೇರಿರುತ್ತಿತ್ತು. ಆ ಒಂದು ಕ್ಷಣದಲ್ಲಿ ಅವರ ಮುಖ ನೋಡಬೇಕಿತ್ತು.

ಒಂದು ರಜೆಯಲ್ಲಿ ಹಳೇ ಕಂಬಗಳು ಹೋಗಿ ಹೊಸವು ಬಂದವು. ಮೊದಲ ಮ್ಯಾಚಿನ ದಿನ ಮೆಟ್ಟಿಲು ತುಂಬಿತ್ತು. ದೀಪ ಹತ್ತಿ ಬೆಳ್ಳಗಾಗುತ್ತಾ ಹೋದಂತೆ ಎಲ್ಲರ ಬಾಯಿಂದ "ಓ..." ಎಂದು ಒಂದೇ ಉಸಿರು ಹೊರಟಿತು. ಎಂಥ ಹಸಿರು! ಆಗತಾನೆ ತೊಳೆದು ಹಾಸಿದ ಹಾಗೆ. ಕೆಂಪು ಜೆರ್ಸಿ ನಿಜಕ್ಕೂ ಕೆಂಪಾಗಿತ್ತು. ಇನ್ನು ಬಿಳಿ ಬನಿಯನ್ನಿನ ಅಗತ್ಯವಿಲ್ಲವೆಂದು ಬಂದ ತಂಡ ತನ್ನದೇ ಕಡುಹಸಿರು ಜೆರ್ಸಿಯಲ್ಲಿ ಇಳಿಯಿತು. ಅಂಕಲ್ ಮೆಲ್ಲಗೆ ಕೇಳಿದರು, "ಹೇಗೆ ಕಾಣ್ತದೆ?" "ಸೂಪರ್ ಅಂಕಲ್! ನೀವು ಸೋತ್ರಿ!" ಎಂದೆ ನಾನು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗೋಲಾಯಿತು. ಅಂಕಲ್ ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದು, ಕೊಡೆ ಎತ್ತಿ, "ಭೇಷ್!" ಎಂದು ಕೂಗಿದರು. ಬೇರೆ ಯಾರೂ ಏಳಲಿಲ್ಲ. ಗೋಲು ಹೊಡೆದದ್ದು ಎದುರು ತಂಡ. ಮೆಟ್ಟಿಲಿನುದ್ದಕ್ಕೂ ನಗು. "ಅಂಕಲ್, ಟೀಮ್ ಚೇಂಜ್ ಮಾಡಿದ್ರಾ ಲಾ?" ಎಂದು ಹುಡುಗರಲ್ಲೊಬ್ಬ ಕೇಳಿದ. ಅಂಕಲ್ ಕೂಡ ನಕ್ಕರು. "ಒಳ್ಳೆ ಗೋಲ್ ಅಲ್ವಾ, ಯಾರದ್ದಾದ್ರೆ ಎಂತ?" ಎಂದರು. ಆದರೆ ಕೊಡೆಯನ್ನು ಕಾಲಬುಡದಲ್ಲಿ ಮಲಗಿಸಿದವರು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಮುಂದಿನ ಶನಿವಾರ ಮಂಡಿನೋವು ಎಂದರು. ಅದರ ಮುಂದಿನ ಶನಿವಾರವೂ ಮಂಡಿನೋವು.

ಡಬ್ಬಿ ವಾಪಸು ಕೊಡಲು ಹೋದಾಗ ಆಂಟಿ ಒಬ್ಬರೇ ಇದ್ದರು. ಒಗೆದ ಬಟ್ಟೆ ಮಡಚುತ್ತಾ, ಅಂಕಲ್‌ದೊಂದು ಜೊತೆ ಕಾಲುಚೀಲ ಎತ್ತಿ ನನ್ನ ಮುಂದೆ ಹಿಡಿದರು. ಅಂಚಿನಲ್ಲಿ ದಾರದ ಒಂದು ಸಣ್ಣ ಗಂಟು. "ಇದು ಹಸಿರಿಗೆ. ಕಂದುಬಣ್ಣದ್ದಕ್ಕೆ ಗಂಟಿಲ್ಲ," ಎಂದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಂಕಲ್ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ. ಹುಟ್ಟಿದಾಗಿನಿಂದ ಹಾಗೆ. ಹಡಗಿನ ಕೆಲಸಕ್ಕೆ ಸೇರಬೇಕೆಂದು ಆಸೆಪಟ್ಟು ಹೋದವರು, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಹುಡುಕುವ ಪರೀಕ್ಷೆಯಲ್ಲಿ ನಪಾಸಾಗಿ, ಕೊನೆಗೆ ಹಡಗಿಗೆ ನಟ್ಟು ಬೋಲ್ಟು ಕೊಳ್ಳುವ ಕೆಲಸಕ್ಕೆ ಬಂದು ನಿಂತವರು. ಆವತ್ತಿನಿಂದ ಯಾರಿಗೂ ಹೇಳಿಕೊಂಡಿಲ್ಲವಂತೆ.

"ಆ ಗ್ರೌಂಡ್ ಒಂದೇ ಇತ್ತು ಮಗಾ ಅವರಿಗೆ," ಎಂದರು ಆಂಟಿ. "ಆ ಹಳದಿ ದೀಪದಲ್ಲಿ ಎಲ್ಲರೂ ನನ್ನ ಹಾಗೇ ನೋಡ್ತಾರೆ ಅಂತ ಹೇಳ್ತಿದ್ರು. ಈಗ ಅದೂ ಹೋಯ್ತು. ನಾನು ಹೇಳಿದ್ದು ಅಂತ ಗೊತ್ತಾಗ್ಬಾರ್ದು, ಆಯ್ತಾ?"

ಕಾರಿಡಾರಿನಲ್ಲಿ ನಿಂತು ಕೆಳಗಿನ ಖಾಲಿ ಮೈದಾನವನ್ನು ತುಂಬ ಹೊತ್ತು ನೋಡಿದೆ. ಹಗಲಿನ ಬಿಸಿಲಿನಲ್ಲಿ ಅದು ಹಸಿರಾಗಿತ್ತು. ಅವರಿಗೆ ಯಾವಾಗಲೂ ಹುರಿದ ರವೆ. ನನಗೆ ಅಳು ಬಂತು.

ಮುಂದಿನ ಶನಿವಾರ ಮೂಲೆಮನೆಯ ಬಾಗಿಲು ತಟ್ಟಿದೆ. "ಒಬ್ಳೇ ಹೋಗ್ಬೇಡ ಅಂತಿದಾರೆ ಅಮ್ಮ. ನೀವು ಬರ್ದಿದ್ರೆ ನಂಗೂ ಮ್ಯಾಚ್ ಇಲ್ಲ ಅಂಕಲ್." ಅವರು ಆಂಟಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಕೊಡೆ ತೆಗೆದುಕೊಂಡರು.

ಅವತ್ತು ನಾನು ಶುರು ಮಾಡಿದೆ. ಚೆಂಡು ನಮ್ಮವರ ಕಾಲಿಗೆ ಬಂದರೆ ಹುಚ್ಚು ಅಭಿಮಾನಿಯ ಹಾಗೆ "ನಮ್ದು... ನಮ್ದು..." ಎನ್ನುವುದು. ಹೋದರೆ "ಛೆ, ಅವ್ರದು." ಜಪದ ಹಾಗೆ, ಆಟದುದ್ದಕ್ಕೂ. ಬಿಳಿ ಬೆಳಕಿನಲ್ಲಿ ಹುಳುಗಳು ಹಾರುತ್ತಿದ್ದವು, ಎದುರು ಬ್ಲಾಕುಗಳ ಕಿಟಕಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು, ಒಬ್ಬೊಬ್ಬ ಆಟಗಾರನೂ ನಾಲ್ಕು ದಿಕ್ಕಿಗೆ ನಾಲ್ಕು ತೆಳು ನೆರಳು ಎಳೆದುಕೊಂಡು ಓಡುತ್ತಿದ್ದ. ನಮ್ದು... ಅವ್ರದು... ನಮ್ದು... ಅಂಕಲ್ ನನ್ನ ಕಡೆ ತಿರುಗಲೂ ಇಲ್ಲ, ಏನೂ ಕೇಳಲೂ ಇಲ್ಲ. ನಮ್ಮವರು ಗೋಲು ಹೊಡೆದಾಗ ಎದ್ದರು. ನಾನು ಎದ್ದ ಮೇಲೆ, ಅರ್ಧ ಕ್ಷಣ ತಡವಾಗಿ.

ಗೆಳತಿಗೆ ಕುತೂಹಲ, ಅದೇನು ನಮ್ದು ನಮ್ದು? ಅರ್ಥ ಹೇಳಿದೆ, ಕಾರಣ ಹೇಳಲಿಲ್ಲ. ಆ ಪದ ಅವಳಿಗೆ ಎಷ್ಟು ಹಿಡಿಸಿತೆಂದರೆ ತಾನೂ ಶುರು ಮಾಡಿದಳು. ಆಮೇಲೆ ಹುಡುಗರು. "ನಮ್ದು ಲಾ!" ಎಂದು ಅವರು ಕೂಗಿದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನೋಡನೋಡುತ್ತಲೇ ಇಡೀ ಮೆಟ್ಟಿಲು ಕಲಿತುಬಿಟ್ಟಿತು. ಕನ್ನಡದ ಗಂಧಗಾಳಿಯಿಲ್ಲದ ಅಷ್ಟೂ ಜನ, ಚೆಂಡು ಕೆಂಪು ಜೆರ್ಸಿಗೆ ಬಂದ ಕೂಡಲೇ "ನಮ್ದು!" ಎನ್ನುವುದು, ಹೋದ ಕೂಡಲೇ ಸುಮ್ಮನಾಗುವುದು. ಆ ಕೂಗು ಏರುತ್ತಾ ಏರುತ್ತಾ ಗೋಲಿನ ಹತ್ತಿರ ಬಂದಾಗ... ಅಂಕಲ್ ಮತ್ತೆ ಎಲ್ಲರಿಗಿಂತ ಮೊದಲು ಎದ್ದರು. ಕೊಡೆ ಮೇಲಕ್ಕೇರಿತು. ನಮ್ಮ ತಂಡ ಸೋಲುವುದನ್ನೇನೂ ಬಿಡಲಿಲ್ಲ. ಆದರೆ ನನಗೆ ಆ ಶನಿವಾರಗಳಷ್ಟು ಗೆದ್ದ ಅನುಭವ ಮತ್ತೆಂದೂ ಆಗಿಲ್ಲ.

ನನ್ನ ಕೊನೆಯ ವರ್ಷ ಅಂಕಲ್ ಕೆಲಸ ಬಿಟ್ಟು ಊರಿಗೆ ಶಿಫ್ಟ್ ಆಗುವುದೆಂದು ನಿಶ್ಚಯವಾಯಿತು. ಅವರ ಕೊನೆಯ ಮ್ಯಾಚಿನ ನಡುವೆ ದೂರದಲ್ಲಿ ಗುಡುಗಿತು, ಎಲ್ಲೋ ಏನೋ ಟ್ರಿಪ್ ಆಗಿ ನಾಲ್ಕೂ ಕಂಬಗಳ ದೀಪ ಒಟ್ಟಿಗೆ ಆರಿತು. ಆ ಹೊಸ ದೀಪಗಳು ಒಮ್ಮೆ ಆರಿದರೆ ತಣ್ಣಗಾಗುವವರೆಗೂ ಮತ್ತೆ ಹತ್ತುತ್ತಿರಲಿಲ್ಲ. ಆಟಗಾರರು ಹುಲ್ಲಿನ ಮೇಲೆ ಕೂತರು. ಯಾರೋ ಸಿಳ್ಳೆ ಹಾಕಿದರು.

"ಎಂತ ಕಾಣ್ತದೆ ನಿನಗೆ?" ಎಂದು ಕತ್ತಲಲ್ಲಿ ಅಂಕಲ್ ಕೇಳಿದರು.

"ಏನೂ ಕಾಣಲ್ಲ ಅಂಕಲ್."

"ಹುಲ್ಲಿನ ವಾಸನೆ ಬರ್ತದಾ?"

"ಹೂಂ."

"ಹಾಗಾದ್ರೆ ಹಸಿರಾಗಿಯೇ ಉಂಟು."

ಅವರೇ ಮುಂದುವರಿಸಿದರು, "ನನಗೆ ಮೊದಲ ದಿನವೇ ಗೊತ್ತಾಗಿತ್ತು ಮಗಾ."

"ಏನು ಅಂಕಲ್?"

"ನೀನು ಅಷ್ಟು ದೊಡ್ಡ ಫುಟ್ಬಾಲ್ ಫ್ಯಾನ್ ಅಲ್ಲ ಅಂತ."

ಅವರು ನಗುತ್ತಿದ್ದರೋ ಇಲ್ಲವೋ ಕಾಣಲಿಲ್ಲ. ನನ್ನ ತಲೆಯ ಮೇಲೆ ಒಂದು ಕ್ಷಣ ಅವರ ಕೈ ಇತ್ತು. ಆಮೇಲೆ ಕಂಬಗಳು ಒಂದೊಂದಾಗಿ ಬೆಳಗತೊಡಗಿದವು, ನಾವಿಬ್ಬರೂ ಮುಂದಕ್ಕೆ ನೋಡಿದೆವು.

ಹೋದ ಮೇಲೆ ಕೆಲವು ವರ್ಷ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಹಲೋ ಎನ್ನುವ ಬದಲು "ನಮ್ದು ಹೇಗುಂಟು?" ಎಂದು ಟೀಮಿನ ವಿಚಾರ ಕೇಳುತ್ತಿದ್ದರು. ಒಂದು ದಿನ ಫೋನ್ ಆಂಟಿಯಿಂದ ಬಂತು, ಆ ಧ್ವನಿ ಕೇಳಿದ ಕೂಡಲೇ ತಿಳಿಯಿತು... ಕಾಲೇಜೂ ಬೇರೆಡೆಗೆ ಹೋಯಿತು. ಮೈದಾನ ಇದ್ದಲ್ಲಿ ಈಗ ಸಿರಿವಂತರ ಕಾಂಡೊ ಕಟ್ಟಡ ಎದ್ದಿದೆ. ಆ ಕಡೆ ಹೋಗಬೇಕಾಗಿ ಬಂದರೆ ನಾನು ಟ್ಯಾಕ್ಸಿಯ ಇನ್ನೊಂದು ಕಿಟಕಿಯಿಂದ ಹೊರಗೆ ನೋಡುತ್ತೇನೆ.

ಮೊನ್ನೆ ಚೆಲ್ಲಿದ ಹಾಲು ಒರೆಸಿ ಕಿಟಕಿಯ ಹತ್ತಿರ ನಿಂತೆ. ಕತ್ತರಿಸಿದ ಹುಲ್ಲಿನ ಮೇಲೆ ಅಕ್ಕಪಕ್ಕದ ಬ್ಲಾಕಿನ ಮಕ್ಕಳು ಚೆಂಡು ಒದೆಯುತ್ತಿದ್ದರು. ಯಾರು ಯಾವ ತಂಡವೋ, ಒಬ್ಬೊಬ್ಬರದು ಒಂದೊಂದು ಬಣ್ಣ. ಕೆಂಪು ಅಂಗಿಯ ಒಬ್ಬ ಚೆಂಡು ಹಿಡಿದು ಓಡಿದ. "ನಮ್ದು," ಎಂದೆ. ಎಂದಿನ ಅಭ್ಯಾಸದಂತೆ ಅರ್ಧ ಕ್ಷಣ ಕಾದೆ. ಪಕ್ಕದಲ್ಲಿ ಯಾರೂ ಏಳಲಿಲ್ಲ.