ಪರಾತದಲ್ಲಿ ಅವ್ವನ ಪಾದ

ಜೋರಾಪುರ ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ ಮಾವನವರ ಉಪನ್ಯಾಸ ನಡೆಯುತ್ತದೆ. ಕಾಲೇಜಿನಿಂದ ನಿವೃತ್ತರಾದ ಮೇಲೆ ಹೀಬ್ರೂ ಜನರ ಪುರಾತನ ಧರ್ಮಗ್ರಂಥದ ಹುಚ್ಚು ಹಿಡಿದಿದೆ ಅವರಿಗೆ. ಅದರಲ್ಲಿ ಪರದೇಶದ ಸೊಸೆಯೊಬ್ಬಳ ಕಥೆಯಿದೆ. ಗಂಡ ಸತ್ತರೂ ಅತ್ತೆಯನ್ನು ಬಿಡದೆ ಬೆನ್ನು ಹತ್ತಿ ಬಂದವಳು. ಆಕೆ ಬೇರೆ ಕುಲದವಳು ಎನ್ನುವಾಗ ಮಾವನವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಬೇರೆ ಕುಲದ ನಾನು ಚಹಾ ಹಿಡಿದು ಬಂದರೆ ಮಾತ್ರ ಮುಖ ಗಂಟಾಗುತ್ತದೆ.

ಮಗ ನನ್ನನ್ನು ಮೆಚ್ಚಿ ಮದುವೆಯಾದದ್ದು ಅವರಿಗೆ ನುಂಗಲಾರದ ತುತ್ತು. ನನ್ನ ಅವ್ವ ತಿಕೋಟಾದಲ್ಲಿ ದ್ರಾಕ್ಷಿ ತೋಟದ ಕೂಲಿಗೆ ಹೋಗುವವಳು. ಮದುವೆಯಾಗಿ ವರ್ಷ ಕಳೆದರೂ ಅವಳನ್ನು ಬೀಗಿತಿ ಎಂದು ಒಮ್ಮೆಯೂ ಮನೆಗೆ ಕರೆದಿರಲಿಲ್ಲ. ಅವ್ವ ಮುಂಬಾಗಿಲಿನಿಂದ ಬಂದು ಆ ಪಡಸಾಲೆಯಲ್ಲಿ ಕುಳಿತು ಒಂದು ಕಪ್ ಚಹಾ ಕುಡಿಯಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಬೇಕೆಂದೇ ಉಪನ್ಯಾಸದ ದಿನ ಬರಹೇಳಿದೆ. ನಾಲ್ಕು ಜನರ ಮುಂದೆ ಹೇಗೆ ಬೇಡ ಎಂದಾರು!

ಅಂದಿನ ವಿಷಯ ಆತಿಥ್ಯ. ಉರಿಬಿಸಿಲಲ್ಲಿ ಗುಡಾರದ ಬಾಗಿಲಿಗೆ ಕುಳಿತಿದ್ದ ಮುದುಕನೊಬ್ಬ ಮೂವರು ಅಪರಿಚಿತರನ್ನು ಕಂಡು ಎದ್ದೋಡಿ, ಬಾಗಿ ನಮಸ್ಕರಿಸಿ, ಕಾಲಿಗೆ ನೀರು ತರಿಸಿದನಂತೆ. ಹೆಂಡತಿಗೆ ಬೇಗ ಹಿಟ್ಟು ನಾದು ಎಂದನಂತೆ. ನಮ್ಮಲ್ಲೂ ನಾದಿದವರು ಅತ್ತೆ ಮತ್ತು ನಾನೇ. ಇದನ್ನು ಮಾಡಿ ತೋರಿಸಲೆಂದು ಮಾವನವರು ಹಿಟ್ಟು ನಾದುವ ಹಿತ್ತಾಳೆಯ ದೊಡ್ಡ ಪರಾತ, ನೀರು ತುಂಬಿದ ತಂಬಿಗೆ ನಡುವೆ ಇಡಿಸಿದ್ದರು. ಕಾಲು ತೊಳೆಸಿಕೊಳ್ಳಬೇಕಿದ್ದ ಬಬಲೇಶ್ವರದ ಮುಖ್ಯ ಅತಿಥಿ ಬೂಟು ಬಿಚ್ಚಲು ಒಲ್ಲೆ ಎಂದರು. ಕಾಲುಚೀಲ ಹರಿದಿತ್ತೋ ಏನೋ, ದೇವರೇ ಬಲ್ಲ.

ಅಷ್ಟರಲ್ಲಿ ಅವ್ವ ಬಂದಳು. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬಂದ ಕಾಲ ತುಂಬ ಧೂಳು, ಕೈಯಲ್ಲಿ ದ್ರಾಕ್ಷಿಯ ಚೀಲ. ಗ್ರಂಥದೊಳಗಿಂದಲೇ ಎದ್ದು ಬಂದ ಅತಿಥಿ! ಮಾವನವರು ಎದ್ದು ನಿಂತರು. ನನ್ನ ಜೀವ ಹಗುರಾಯಿತು.

“ಹಿತ್ತಲ ಬಾಗಲಿಂದ ಬರ್ರಿ. ಇಲ್ಲೆ ಕಾರ್ಯಕ್ರಮ ನಡದೈತಿ,” ಎಂದರು.

“ಇರಲಿ ಬಿಡ ಬೇ, ಮಂದಿ ಅದಾರ,” ಎಂದು ನನಗೆ ಹೇಳಿ ಅವ್ವ ತಿರುಗಿದಳು. ನನ್ನ ಗಂಡ, ಪುಣ್ಯಾತ್ಮ, ಗೋಡೆ ನೋಡುತ್ತಿದ್ದ.

ಮೈಯೆಲ್ಲ ಉರಿದುಹೋಯಿತು. ಪರಾತ, ತಂಬಿಗೆ ಎತ್ತಿಕೊಂಡು ಹೊಸ್ತಿಲಿಗೆ ಹೋದೆ. “ಮಾವಾರ, ಕಾರ್ಯಕ್ರಮ ಈಗ ಚಾಲೂ ಆತ ನೋಡ್ರಿ!” ಎಂದು ಅವ್ವನ ಕಾಲು ಪರಾತದಲ್ಲಿಡಿಸಿ ನೀರು ಹಾಕಿದೆ. ಮಾವನವರೋ, ಎಂಥ ಘಾಟಿ ಅಂತೀರಿ! ನಮ್ಮ ಪಕ್ಕಕ್ಕೆ ಬಂದು ಕೈ ಚಾಚಿ, “ನೋಡ್ರಿ, ನಾ ಇಷ್ಟೊತ್ತು ಹೇಳಿದ್ದು ಇದನ್ನ! ಇದು ನಮ್ಮ ಮನಿ ಸಂಸ್ಕಾರ!” ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಯಾರೋ ಮೊಬೈಲಿನಲ್ಲಿ ಫೋಟೊ ಹೊಡೆದರು.

ಚಪ್ಪಾಳೆ ನಿಂತಾಗಲೂ ಅವ್ವ ಹೊಸ್ತಿಲ ಹೊರಗೇ ಇದ್ದಳು. ಒಳಗ ಬರ್ರಿ ಎಂಬ ಮಾತು ಮಾವನವರ ಬಾಯಿಂದ ಬರಲೇ ಇಲ್ಲ. ಅವ್ವ ದ್ರಾಕ್ಷಿ ನನ್ನ ಕೈಗಿಟ್ಟು, ಒದ್ದೆ ಕಾಲಲ್ಲೇ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೋದಳು. ಮತ್ತೆ ಬಂದಿಲ್ಲ.

ಆ ಫೋಟೊಗೆ ಮಾವನವರು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಬಂದವರಿಗೆಲ್ಲ ತೋರಿಸಿ ಬೀಗುತ್ತಾರೆ. ಅದರಲ್ಲಿ ಅವರ ಪೂರ್ತಿ ಮುಖವಿದೆ, ಚಾಚಿದ ಕೈಯಿದೆ, ಪರಾತವಿದೆ. ಅವ್ವ ಪಾದದಿಂದ ಮೊಣಕಾಲಿನವರೆಗೆ ಮಾತ್ರ ಇದ್ದಾಳೆ. ಆ ಮನೆಯೊಳಗೆ ಅವಳು ಬಂದದ್ದು ಅಷ್ಟೇ.